ಜ್ಞಾನದಾನವೂ ಕಾಲೇಜಿನ ಹೊಸ್ತಿಲೂ

ಪ್ರತಿವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ಕೆಲವು ವಾರಗಳಲ್ಲಿ ನಮ್ಮ ಸಮಾಜದ ಸಭಾಭವನಗಳಲ್ಲಿ ಪ್ರತಿಭಾ ಪುರಸ್ಕಾರದ ಸಮಾರಂಭಗಳು ಜರುಗುತ್ತವೆ. ನೂರಕ್ಕೆ ತೊಂಬತ್ತು ದಾಟಿದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಫಲಕವಿತ್ತು, ಭಾವಚಿತ್ರ ತೆಗೆಸುತ್ತೇವೆ. ಇದರಲ್ಲಿ ದೋಷವಿಲ್ಲ, ಮಕ್ಕಳ ಶ್ರಮವನ್ನು ಮೆಚ್ಚುವುದು ಹಿರಿಯರ ಧರ್ಮ. ಆದರೆ ತೊಂಬತ್ತೈದು ಅಂಕದ ಬಾಲಕನಿಗೆ ಕಾಲೇಜಿನ ದಾರಿಯನ್ನು ಯಾರೂ ತೋರಿಸಬೇಕಾದುದಿಲ್ಲ. ಕಾಲೇಜುಗಳೇ ಅವನ ಮನೆಯ ಬಾಗಿಲಿಗೆ ಬರುತ್ತವೆ. ದಾರಿ ಕಾಣದೆ ನಿಲ್ಲುವವಳು ಐವತ್ತೆಂಟು ಅಂಕದ ಹುಡುಗಿ. ಆಕೆಯನ್ನು ನಾವು ವೇದಿಕೆಗೆ ಕರೆಯುವುದಿಲ್ಲ, ಆಕೆ ಮುಂದೆ ಎಲ್ಲಿಗೆ ಹೋದಳೆಂದು ವಿಚಾರಿಸುವುದೂ ಇಲ್ಲ. ಈ ಲೇಖನ ಆಕೆಯನ್ನು ಕುರಿತದ್ದು. ಆಕೆಯ ಪರವಾಗಿ ಮಾತನಾಡಬೇಕಾದ, ಆದರೆ ನಮ್ಮ ಶಾಲೆಗಳಲ್ಲಿ ಇಲ್ಲದೇ ಇರುವ ಒಬ್ಬ ವ್ಯಕ್ತಿಯನ್ನು ಕುರಿತದ್ದು.

ಆ ವ್ಯಕ್ತಿಯನ್ನು ಶಾಲಾ ಮಾರ್ಗದರ್ಶಕ ಎನ್ನೋಣ. ಆಪ್ತಸಮಾಲೋಚಕ ಎಂಬ ಹೆಸರೂ ಬಳಕೆಯಲ್ಲಿದೆ. ಪಾಠ ಹೇಳುವುದು ಅವನ ಕೆಲಸವಲ್ಲ, ಪರೀಕ್ಷೆ ನಡೆಸುವುದೂ ಅಲ್ಲ. ಈ ಮಗು ಮುಂದೆ ಯಾವ ತರಗತಿಯಲ್ಲಿ ಕುಳಿತುಕೊಳ್ಳಬಲ್ಲುದು, ಅಲ್ಲಿಗೆ ತಲುಪಲು ಅದಕ್ಕೆ ಏನು ಅಡ್ಡಿಯಿದೆ, ಆ ಅಡ್ಡಿಯನ್ನು ತೆಗೆಯುವವರು ಯಾರು ಎಂಬುದನ್ನು ತಿಳಿದು, ಮಗುವಿಗೆ ಹೇಳಿ, ಅಗತ್ಯ ಬಿದ್ದರೆ ಮುಖ್ಯೋಪಾಧ್ಯಾಯರ ಎದುರೂ ಪಾಲಕರ ಎದುರೂ ಕಾಲೇಜಿನ ಪ್ರಾಚಾರ್ಯರ ಎದುರೂ ಆ ಮಗುವಿನ ವಕೀಲನಾಗಿ ನಿಲ್ಲುವುದು ಅವನ ಕೆಲಸ. ನಗರದ ಕುಟುಂಬಗಳಲ್ಲಿ ಈ ಕೆಲಸವನ್ನು ಚಿಕ್ಕಪ್ಪನೋ ಸೋದರಮಾವನೋ ನೆರೆಮನೆಯ ಎಂಜಿನಿಯರನೋ ಮಾಡಿಬಿಡುತ್ತಾನೆ. ಹಳ್ಳಿಯಲ್ಲಿ ಮಾಡುವವರಿಲ್ಲ.

ತಾಂಬಾ ಎಂಬ ಊರನ್ನು ತೆಗೆದುಕೊಳ್ಳೋಣ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ದೊಡ್ಡ ಊರು ಅದು. ಒಂದು ಕಡೆ ಇಂಡಿ, ಇನ್ನೊಂದು ಕಡೆ ಸಿಂದಗಿ. ಜೋಳ, ತೊಗರಿ, ಕಬ್ಬು, ನಿಂಬೆಯ ಸೀಮೆ. ಇಂಡಿಯ ನಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರಕಿದೆ. ಮಳೆ ಕೈಕೊಟ್ಟ ವರ್ಷ ಈ ಭಾಗದ ಕುಟುಂಬಗಳು ಗೋವೆಗೆ, ಮಹಾರಾಷ್ಟ್ರಕ್ಕೆ ದುಡಿಯಲು ಹೋಗುವುದೂ ಹೊಸದಲ್ಲ. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಸರಕಾರ ನೇಮಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಸಾರಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಆ 39ರಲ್ಲಿ ಸೇರಿದವು. ಪಕ್ಕದ ಕಲಬುರ್ಗಿ ಸೀಮೆಗೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯ ವಿಶೇಷ ಸೌಲಭ್ಯ ದೊರೆಯಿತು. ಆ ಜಿಲ್ಲೆಗಳ ಮಕ್ಕಳಿಗೆ ಕಾಲೇಜು ಪ್ರವೇಶದಲ್ಲಿ ಪ್ರತ್ಯೇಕ ಮೀಸಲಾತಿಯಿದೆ. ವಿಜಯಪುರ ಜಿಲ್ಲೆ ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅದು ಇದಕ್ಕೆ ಹೊರತು. ತಮಾಷೆಯೆಂದರೆ ಈ ಜಿಲ್ಲೆಯಲ್ಲಿ ಓಡುವ ಬಸ್ಸು ಮಾತ್ರ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದೇ. ಬಸ್ಸಿನ ಮೈಮೇಲೆ ಬರೆದ ಹೆಸರು ಬಸ್ಸಿನೊಳಗೆ ಕುಳಿತ ವಿದ್ಯಾರ್ಥಿನಿಗೆ ಅನ್ವಯಿಸುವುದಿಲ್ಲ.

ಇನ್ನೊಂದು ಕಾನೂನಿನ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವಯಸ್ಸಿನವರಿಗೆ, ಅಂದರೆ ಎಂಟನೆಯ ತರಗತಿಯವರೆಗೆ ಮಾತ್ರ. ಅಲ್ಲಿಂದಾಚೆ ಕಲಿಕೆ ಹಕ್ಕಲ್ಲ, ಅನುಕೂಲ. ಅನುಕೂಲವಿದ್ದವರು ಕಲಿಯುತ್ತಾರೆ. ಹೀಗಾಗಿ ಹತ್ತನೆಯ ತರಗತಿ ಮತ್ತು ಪದವಿಪೂರ್ವ ಕಾಲೇಜಿನ ನಡುವಣ ಎರಡು ತಿಂಗಳ ಬಿಡುವು ಹಳ್ಳಿಯ ಮಗುವಿನ ಬದುಕಿನಲ್ಲಿ ಅತ್ಯಂತ ಅಪಾಯದ ಕಾಲವಾಗಿದೆ. ಶಾಲೆ ತನ್ನ ಕೆಲಸ ಮುಗಿಯಿತೆಂದು ವರ್ಗಾವಣೆ ಪತ್ರ ಕೊಡುತ್ತದೆ. ಕಾಲೇಜು ತನ್ನ ಕೆಲಸ ಇನ್ನೂ ಆರಂಭವಾಗಿಲ್ಲವೆಂದು ಸುಮ್ಮನಿರುತ್ತದೆ. ನಡುವೆ ಮಗುವಿಗೆ ಜವಾಬ್ದಾರರು ಯಾರೂ ಇಲ್ಲ.

ಆ ಎರಡು ತಿಂಗಳಲ್ಲಿ ಏನೇನು ತಿಳಿದಿರಬೇಕೆಂಬುದನ್ನು ವಾಚಕರು ಒಮ್ಮೆ ಯೋಚಿಸಬೇಕು. ತಾಂಬಾದಂತಹ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಐವತ್ತೆಂಟು ಅಂಕ ಪಡೆದ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ವೈದ್ಯಕೀಯಕ್ಕೆ ಹೋಗಬೇಕಾದರೆ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಬೇಕು, ಎಂಜಿನಿಯರಿಂಗಿಗೆ ಗಣಿತ ಬೇಕು, ಕಲಾ ವಿಭಾಗ ಹಿಡಿದ ಮೇಲೆ ಈ ಎರಡೂ ಬಾಗಿಲು ಮುಚ್ಚುತ್ತವೆ ಎಂಬುದನ್ನು ಆಕೆಗೆ ಯಾರಾದರೂ ಮೊದಲೇ ಹೇಳಿರಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಾತಿಯಿದೆ. ಆದರೆ ಅದಕ್ಕೆ ಮುಖ್ಯೋಪಾಧ್ಯಾಯರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯ ಪ್ರಮಾಣಪತ್ರ ಬೇಕು. ಎರಡು ವರ್ಷಗಳ ಅನಂತರ ಪ್ರವೇಶಪರೀಕ್ಷೆಯ ಹೊತ್ತಿಗೆ ಅದಕ್ಕಾಗಿ ಅಲೆಯುವ ಬದಲು ಶಾಲೆ ಬಿಡುವಾಗಲೇ ಪಡೆದಿಟ್ಟುಕೊಳ್ಳಬಹುದು. ಎಂಟನೆಯ ತರಗತಿಯಲ್ಲಿ ರಾಷ್ಟ್ರೀಯ ಪ್ರತಿಭಾ ಹಾಗೂ ಆದಾಯ ಆಧಾರಿತ ವಿದ್ಯಾರ್ಥಿವೇತನದ ಪರೀಕ್ಷೆ ಬರೆದು ಆಯ್ಕೆಯಾಗಿದ್ದರೆ ವರ್ಷಕ್ಕೆ 12,000 ರೂಪಾಯಿಯಂತೆ ಹನ್ನೆರಡನೆಯ ತರಗತಿಯವರೆಗೂ ಬರುತ್ತದೆ. ಆದರೆ ಕಾಲೇಜು ಸೇರಿದಾಗ ನವೀಕರಿಸದಿದ್ದರೆ ನಿಂತುಹೋಗುತ್ತದೆ. ಹಾಸ್ಟೆಲಿನಲ್ಲಿ ಸ್ಥಾನ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಿದೆ. ಎಸ್.ಎಸ್.ಎಲ್.ಸಿ. ಆದೊಡನೆ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು; ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಮಾರ್ಗವೂ ಇದೆ. ಒಂದು ವಿಷಯದಲ್ಲಿ ಅನುತ್ತೀರ್ಣಳಾದರೂ 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಅದೇ ವರ್ಷ ಕಾಲೇಜು ಸೇರುವ ಅವಕಾಶ ಬಂದಿದೆ.

ಇವೆಲ್ಲ ಗುಟ್ಟಿನ ಸಂಗತಿಗಳಲ್ಲ. ಸರಕಾರದ ಆದೇಶಗಳಲ್ಲಿ ಮುದ್ರಿತವಾಗಿವೆ. ಆದರೆ ಒಂದು ಶಿಕ್ಷಣ ಇಲಾಖೆಯಲ್ಲಿ, ಇನ್ನೊಂದು ಸಮಾಜಕಲ್ಯಾಣದಲ್ಲಿ, ಮತ್ತೊಂದು ಹಿಂದುಳಿದ ವರ್ಗಗಳ ಇಲಾಖೆಯಲ್ಲಿ, ಮಗದೊಂದು ತಾಂತ್ರಿಕ ಶಿಕ್ಷಣದಲ್ಲಿ, ಅಲ್ಪಸಂಖ್ಯಾತರದು ಬೇರೆ ಕಚೇರಿಯಲ್ಲಿ. ಒಂದೊಂದಕ್ಕೂ ಬೇರೆ ಅರ್ಜಿ, ಬೇರೆ ಕೊನೆಯ ದಿನಾಂಕ. ಹೊಲದಲ್ಲಿ ದುಡಿಯುವ ತಂದೆ ಒಂದೊಂದು ಕಚೇರಿಗೆ ಒಂದೊಂದು ದಿನದ ಕೂಲಿ ಕಳೆದುಕೊಂಡು ಅಲೆಯಬೇಕು. ನಮ್ಮ ಸಮಾಜದ ಮಕ್ಕಳ ಸಂಗತಿಯೂ ಇದೇ. 2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದಾಗ ಊರೂರಿನಲ್ಲಿ ಅಭಿನಂದನಾ ಸಭೆಗಳಾದುವು. ಆ ಅಧಿಸೂಚನೆಯಿಂದ ದೊರೆಯುವ ವಿದ್ಯಾರ್ಥಿವೇತನಕ್ಕೆ, ರಾಜ್ಯದ ಅರಿವು ಸಾಲಯೋಜನೆಗೆ ಅರ್ಜಿ ತುಂಬಿಕೊಡುವವರನ್ನು ಎಷ್ಟು ಬಸದಿಗಳ ಪಂಚಕಮಿಟಿಗಳು ನೇಮಿಸಿದುವು? ಕೈಬೆರಳಲ್ಲಿ ಎಣಿಸಬಹುದೇನೋ. ಒಕ್ಕಲುತನ ಮಾಡುವ ಜೈನ ಕುಟುಂಬಗಳು ಈ ಸೀಮೆಯಲ್ಲಿ ಕಡಿಮೆಯಲ್ಲ. ಜೈನರೆಂದರೆ ಎಲ್ಲರೂ ಸಾಹುಕಾರರೆಂಬ ಕಲ್ಪನೆ ಹೊರಗಿನವರಿಗಿಂತ ನಮ್ಮ ನಗರವಾಸಿ ಬಂಧುಗಳಲ್ಲೇ ಹೆಚ್ಚು ಬೇರೂರಿದೆ.

ಮಾರ್ಗದರ್ಶಕನ ಕಲ್ಪನೆ ವಿದೇಶದಿಂದ ಮೊನ್ನೆ ಬಂದ ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರಿದ್ದಾರೆ. 1952-53ರಲ್ಲಿ ಮುದಲಿಯಾರ್ ಆಯೋಗವು ಪ್ರೌಢಶಾಲೆಗಳಿಗೆ ಮಾರ್ಗದರ್ಶನಾಧಿಕಾರಿಗಳು ಬೇಕೆಂದು ಶಿಫಾರಸು ಮಾಡಿತು. 1964-66ರ ಕೊಠಾರಿ ಆಯೋಗ ಇನ್ನೂ ಸ್ಪಷ್ಟವಾಗಿ, ಎಲ್ಲ ಶಾಲೆಗೂ ಒಬ್ಬೊಬ್ಬರನ್ನು ಕೊಡಲು ಹಣವಿಲ್ಲದಿದ್ದರೆ ಕನಿಷ್ಠ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಸಂಚಾರಿ ಮಾರ್ಗದರ್ಶಕನಿರಲಿ ಎಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲಾ ಸಮುಚ್ಚಯಕ್ಕೆ ಸಮಾಲೋಚಕರನ್ನು ಒದಗಿಸುವ ಮಾತನ್ನಾಡಿದೆ. ಕರ್ನಾಟಕ ಆ ನೀತಿಯನ್ನು ಒಪ್ಪದೆ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಆಯೋಗ ನೇಮಿಸಿತು. ಅದು 2025ರ ಆಗಸ್ಟಿನಲ್ಲಿ ಸಲ್ಲಿಸಿದ ವರದಿ ಪ್ರೌಢಶಿಕ್ಷಣವನ್ನು ನಾಲ್ಕು ವರ್ಷಗಳ ಒಂದೇ ಘಟ್ಟವಾಗಿ ಕಾಣುತ್ತದೆ. ಹತ್ತಕ್ಕೂ ಹನ್ನೊಂದಕ್ಕೂ ನಡುವಿನ ಕಂದಕವನ್ನು ಮುಚ್ಚಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವಂತಿಲ್ಲ. ವರದಿಗಳಿಗೆ ಬರವಿಲ್ಲ. ಕೊಠಾರಿಯವರ ಮಾತಿಗೆ ಅರುವತ್ತು ವರ್ಷ ತುಂಬುತ್ತ ಬಂದರೂ ನಮ್ಮ ಹಳ್ಳಿಯ ಪ್ರೌಢಶಾಲೆಗಳಲ್ಲಿ ಆ ಹೆಸರಿನ ಹುದ್ದೆಯೇ ಕಾಣುವುದಿಲ್ಲ. ಇದ್ದಲ್ಲಿ ದೈಹಿಕ ಶಿಕ್ಷಕರಿಗೋ ವಿಜ್ಞಾನದ ಮೇಷ್ಟ್ರಿಗೋ ಒಂದು ದಿನದ ತರಬೇತಿ ಕೊಟ್ಟು, ಅವರ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿ ಕೈತೊಳೆದುಕೊಳ್ಳುವುದು ರೂಢಿಯಾಗಿದೆ.

ಹೊರದೇಶದ ಒಂದು ದೃಷ್ಟಾಂತ ಇಲ್ಲಿ ಉಪಯುಕ್ತ. ಅಮೆರಿಕದ ಮಿನ್ನೆಸೋಟ ರಾಜ್ಯ 1985ರಲ್ಲಿ ಒಂದು ಕಾನೂನು ಮಾಡಿತು. ಹೈಸ್ಕೂಲಿನ ಕೊನೆಯ ಎರಡು ತರಗತಿಯ ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿಗೆ ಹೋಗಿ ಕಾಲೇಜಿನ ಪಾಠ ಕೇಳಬಹುದು. ಶುಲ್ಕವನ್ನು ಮಗುವಿನ ಪಾಲಕರಲ್ಲ, ಸರಕಾರ ಭರಿಸುತ್ತದೆ. 1990ರಲ್ಲಿ ವಾಷಿಂಗ್ಟನ್ ರಾಜ್ಯವೂ ಹಾಗೆಯೇ ಮಾಡಿತು. ಕಾನೂನು ಬಂದೊಡನೆ ಬಾಗಿಲು ತೆರೆಯಿತೆ? ಇಲ್ಲ. ಮಗು ಕಾಲೇಜಿಗೆ ಹೋದರೆ ಮಗುವಿನ ಹೆಸರಿನ ಅನುದಾನವೂ ಶಾಲೆಯಿಂದ ಹೋಗುತ್ತದೆ. ಆದ್ದರಿಂದ ಇಂತಹ ಅವಕಾಶವಿದೆಯೆಂದು ಮಕ್ಕಳಿಗೆ ಹೇಳಲು ಶಾಲೆಗೆ ಉತ್ಸಾಹವೆಲ್ಲಿಂದ ಬರಬೇಕು? ಕೊನೆಗೆ ಈ ಮಾಹಿತಿಯನ್ನು ಪ್ರತಿವರ್ಷ ಮಕ್ಕಳಿಗೂ ಪಾಲಕರಿಗೂ ತಿಳಿಸುವುದು ಶಾಲೆಯ ಕರ್ತವ್ಯವೆಂದು ಕಾನೂನಿನಲ್ಲೇ ಬರೆಯಬೇಕಾಯಿತು. ಅಲ್ಲಿಯೂ ಮಗುವಿನ ಅದೃಷ್ಟ ನಿರ್ಧಾರವಾಗುವುದು ಶಾಲಾ ಮಾರ್ಗದರ್ಶಕನ ಕೋಣೆಯಲ್ಲಿ. ಅವನು ಅರ್ಜಿಯ ಮೇಲೆ ಸಹಿ ಮಾಡುವವನು. ಅವನು ಶಾಲೆಯ ಲೆಕ್ಕಪತ್ರದ ಪರವೋ ಮಗುವಿನ ಪರವೋ ಎಂಬುದೇ ಮುಖ್ಯ ಪ್ರಶ್ನೆ. ಒಬ್ಬ ಮಾರ್ಗದರ್ಶಕನಿಗೆ 250 ಮಕ್ಕಳಿಗಿಂತ ಹೆಚ್ಚಿರಬಾರದೆಂದು ಆ ದೇಶದ ಮಾರ್ಗದರ್ಶಕರ ಸಂಘ ಹೇಳುತ್ತದೆ. ನಮಗೆ 250 ಬೇಡ. ಕೊಠಾರಿಯವರು ಹೇಳಿದ ಹತ್ತು ಶಾಲೆಗೊಬ್ಬನನ್ನು ಕೊಟ್ಟರೂ ಸಾಕು.

ನಮ್ಮಲ್ಲಿ ಇದಕ್ಕೆ ಅನುಕೂಲವಾದ ವ್ಯವಸ್ಥೆ ಇಲ್ಲವೆನ್ನುವಂತಿಲ್ಲ. ಪ್ರೌಢಶಾಲೆಯೂ ಪದವಿಪೂರ್ವ ತರಗತಿಗಳೂ ಒಂದೇ ಆವರಣದಲ್ಲಿರುವ ಸಂಯುಕ್ತ ಕಾಲೇಜುಗಳು ಕರ್ನಾಟಕದಲ್ಲಿ ದಶಕಗಳಿಂದ ಇವೆ. ಒಂದೇ ಬಾವಿಯ ನೀರು, ಒಂದೇ ಧ್ವಜಸ್ತಂಭ. ಆದರೂ ಹತ್ತನೆಯ ತರಗತಿಯ ಹುಡುಗಿ ಪಕ್ಕದ ಕೋಣೆಯಲ್ಲಿರುವ ಭೌತಶಾಸ್ತ್ರದ ಪ್ರಯೋಗಾಲಯವನ್ನು ಒಳಹೊಕ್ಕು ನೋಡದೆಯೇ ಶಾಲೆ ಬಿಡುತ್ತಾಳೆ. ವಾರಕ್ಕೊಂದು ಗಂಟೆ ಅಲ್ಲಿ ಕುಳಿತಿದ್ದರೆ, ಪಿ.ಯು.ಸಿ. ವಿಜ್ಞಾನವನ್ನು ಬಹುತೇಕ ಇಂಗ್ಲಿಷಿನಲ್ಲಿ ಕಲಿಸುತ್ತಾರೆಂಬ ಭಯ ಅರ್ಧ ಕಡಿಮೆಯಾಗುತ್ತಿತ್ತು. ಬಲ, ವೇಗ, ಒತ್ತಡಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂಬುದು ಕಿವಿಗೆ ಬಿದ್ದಿರುತ್ತಿತ್ತು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನೂ ಬೇಡ. ಇಬ್ಬರು ಮುಖ್ಯಸ್ಥರನ್ನು ಒಂದೆಡೆ ಕೂರಿಸಿ ವೇಳಾಪಟ್ಟಿ ಹೊಂದಿಸುವ ಒಬ್ಬ ಮನುಷ್ಯ ಬೇಕು. 2017ರಿಂದ ಕೇಂದ್ರ ಸರಕಾರದ ಸ್ವಯಂ ಜಾಲತಾಣದಲ್ಲಿ ಒಂಬತ್ತನೆಯ ತರಗತಿಯಿಂದ ಸ್ನಾತಕೋತ್ತರದವರೆಗಿನ ಪಾಠಗಳು ಉಚಿತವಾಗಿವೆ. ಉಚಿತವಾಗಿರುವುದು ತಲುಪಿದಂತಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣವೂ ಉಚಿತವಾಯಿತು. ಬೆಳಗಿನ ಮೊದಲ ತರಗತಿಗೆ ಮುಟ್ಟಿಸುವ, ಸಂಜೆ ಕತ್ತಲಾಗುವ ಮುನ್ನ ಮನೆಗೆ ತರುವ ಬಸ್ಸು ಇಲ್ಲದಿದ್ದರೆ ಆ ಉಚಿತ ಚೀಟಿಯಿಂದೇನು ಫಲ? ಡಿಪೊ ವ್ಯವಸ್ಥಾಪಕರ ಬಳಿಗೆ ಹೋಗಿ, ಈ ಊರಿನಿಂದ ಇಷ್ಟು ಮಕ್ಕಳು ಇಂಥ ಕಾಲೇಜಿಗೆ ಹೋಗುತ್ತಾರೆ, ಬಸ್ಸಿನ ಹೊತ್ತನ್ನು ಅರ್ಧ ತಾಸು ಹಿಂದಕ್ಕೆ ತನ್ನಿ ಎಂದು ಪಟ್ಟಿಸಮೇತ ಕೇಳುವುದೂ ಮಾರ್ಗದರ್ಶಕನ ಕೆಲಸವೇ. ಒಬ್ಬೊಬ್ಬ ತಂದೆ ಕೇಳಿದರೆ ಆಗದ್ದು ಪಟ್ಟಿ ಹಿಡಿದು ಕೇಳಿದರೆ ಆಗುತ್ತದೆ.

ಈಗ ಅಪ್ರಿಯವಾದ ಮಾತಿಗೆ ಬರುತ್ತೇವೆ. ಮಾರ್ಗದರ್ಶನವೇ ಇಲ್ಲದಿರುವುದು ಒಂದು ಕೊರತೆ. ಮಾರ್ಗದರ್ಶನದ ಹೆಸರಿನಲ್ಲಿ ಬಾಗಿಲು ಮುಚ್ಚುವುದು ಅದಕ್ಕಿಂತ ಘೋರ. "ವಿಜ್ಞಾನ ನಿನಗಲ್ಲ", "ಆರ್ಟ್ಸ್ ತಗೋ, ಪಾಸಾಗತಿ", "ಹೆಣ್ಣುಹುಡುಗಿ, ಊರಾಗ ಇದ್ದದ್ದು ಓದಲಿ" ಈ ಮೂರು ವಾಕ್ಯಗಳನ್ನು ಕೇಳದ ಹಳ್ಳಿಯ ಮಗು ವಿರಳ. ಹೇಳುವವರು ಕೆಟ್ಟವರಲ್ಲ, ಬಹಳ ಸಲ ಮಗುವಿನ ಮೇಲಿನ ಕರುಣೆಯಿಂದಲೇ ಹೇಳುತ್ತಾರೆ. ಆದರೆ ಕೆಲವೆಡೆ ಅದರ ಹಿಂದೆ ಸಂಸ್ಥೆಯ ಶೇಕಡಾವಾರು ಫಲಿತಾಂಶದ ಚಿಂತೆಯೂ ಇರುತ್ತದೆ. ದುರ್ಬಲ ಮಗುವನ್ನು ವಿಜ್ಞಾನಕ್ಕೆ ಸೇರಿಸಿಕೊಂಡರೆ ಕಾಲೇಜಿನ ಫಲಕದ ಮೇಲಿನ ಅಂಕಿ ಇಳಿಯುತ್ತದೆ. ಅಂಕಿಯನ್ನು ಕಾಪಾಡಲು ಮಗುವನ್ನು ಕಳೆಯುವುದು ಎಂತಹ ವ್ಯಾಪಾರ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಾಗ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಫಲಕದ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಅಂಕಿಗಳಿಗಾಗಿ ಒಂದು ಹುಡುಗಿಯ ಮುಂದಿನ ನಲವತ್ತು ವರ್ಷಗಳನ್ನು ಪಣಕ್ಕಿಡುವುದು ನ್ಯಾಯವೆ?

ಎಲ್ಲರೂ ವಿಜ್ಞಾನವನ್ನೇ ಓದಬೇಕೆಂದು ನಾವು ಹೇಳುತ್ತಿಲ್ಲ. ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳನ್ನು ಓದಿ ದೊಡ್ಡವರಾದವರಿದ್ದಾರೆ. ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಕನ್ನಡವನ್ನೇ ಓದಿ, ಜೈನ ಶಾಸನ ಮತ್ತು ಸಾಹಿತ್ಯಗಳ ಸಂಶೋಧನೆಗೂ ಉಪಕಾರ ಮಾಡಿದರು. ಆರಿಸಿಕೊಳ್ಳುವುದು ಬೇರೆ, ತಳ್ಳಲ್ಪಡುವುದು ಬೇರೆ. ಇರುವ ದಾರಿಗಳನ್ನೆಲ್ಲ ತಿಳಿದು ಒಂದನ್ನು ಹಿಡಿದವಳು ಆರಿಸಿಕೊಂಡವಳು. ಒಂದನ್ನು ಮಾತ್ರ ತೋರಿಸಿ ಉಳಿದವನ್ನು ಮರೆಮಾಡಿದರೆ ಅದಕ್ಕೆ ಸಲಹೆಯೆಂಬ ಹೆಸರು ಸಲ್ಲದು.

ಮರೆಮಾಡುವುದೆಂದಾಗ ನಮ್ಮ ವಾಚಕರಿಗೆ ಕರ್ಮಸಿದ್ಧಾಂತದ ಒಂದು ಶಬ್ದ ನೆನಪಾಗದಿರದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಆಸ್ರವವನ್ನು ವಿವರಿಸುವಾಗ ಜ್ಞಾನಾವರಣೀಯ ಕರ್ಮ ಯಾವ ನಡತೆಯಿಂದ ಒಳಹರಿಯುತ್ತದೆಂಬುದನ್ನು ಹೇಳುತ್ತದೆ. ಅವುಗಳಲ್ಲಿ ನಿಹ್ನವವೊಂದು: ತನಗೆ ತಿಳಿದುದನ್ನು ಮುಚ್ಚಿಡುವುದು. ಮಾತ್ಸರ್ಯ ಮತ್ತೊಂದು: ಇವನೂ ತಿಳಿದರೆ ನನ್ನ ಸಮಕ್ಕೆ ಬರುತ್ತಾನೆಂದು ಹೇಳದಿರುವುದು. ಅಂತರಾಯ ಇನ್ನೊಂದು: ಕಲಿಯುವವನಿಗೆ ವಿಘ್ನವೊಡ್ಡುವುದು. ಸ್ವಾಧ್ಯಾಯದಲ್ಲಿ ಇವನ್ನು ಕಂಠಪಾಠ ಒಪ್ಪಿಸುತ್ತೇವೆ, ಶಾಸ್ತ್ರದ ಗ್ರಂಥಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಆದರೆ ಜೀವಂತ ಮಗುವಿನ ಕಲಿಕೆಗೆ ಒಡ್ಡುವ ವಿಘ್ನವನ್ನು ಈ ಪಟ್ಟಿಯಲ್ಲಿ ಸೇರಿಸುವ ಧೈರ್ಯ ನಮಗಿಲ್ಲ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ತಿಳಿದಿದ್ದೂ ಹೇಳದಿರುವುದು ನಿಹ್ನವವಲ್ಲದೆ ಮತ್ತೇನು? ಆಳಿನ ಮಗ ಕಾಲೇಜು ಓದಿದರೆ ಹೊಲಕ್ಕೆ ಬರುವವರಾರು ಎಂದು ಮೌನವಾಗಿರುವುದು ಮಾತ್ಸರ್ಯವಲ್ಲದೆ ಮತ್ತೇನು? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದೇ ಪ್ರತಿಯನ್ನು ಬಂಗಾರದ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ್ದರೆ ಆಕೆಯ ಹೆಸರನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ.

ನಮ್ಮ ಹಿಂದಿನವರು ಇದನ್ನು ನಮಗಿಂತ ಚೆನ್ನಾಗಿ ಅರಿತಿದ್ದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ, ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜು 1919ರಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. ಅದಕ್ಕೂ ಮೊದಲು ಈ ಭಾಗದ ಮಗು ಕಾಲೇಜಿನ ತರಗತಿಯಲ್ಲಿ ಕೂರಬೇಕಾದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಬೇಕಿತ್ತು. ಅಲ್ಲಿ ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ, ರಾತ್ರಿಭೋಜನ ತ್ಯಾಗದ ನಿಯಮ ನಡೆಯುವುದೆಂತು ಎಂಬ ಪ್ರಶ್ನೆಗಳೇ ಎಷ್ಟೋ ಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕಿದ್ದುವು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಜೈನ ಸಭೆ ಈ ಅಡ್ಡಿಯನ್ನು ಗುರುತಿಸಿತು. ಅಣ್ಣಾಸಾಹೇಬ ಲಠ್ಠೆಯವರಂತಹ ಹಿರಿಯರು ಕೊಲ್ಲಾಪುರ ಮೊದಲಾದೆಡೆ ಬೋರ್ಡಿಂಗುಗಳನ್ನು ನಡೆಸಿದರು. ಅವು ಕೇವಲ ಛತ್ರಗಳಾಗಿರಲಿಲ್ಲ. ಅಲ್ಲಿಯ ಮೇಲ್ವಿಚಾರಕರು ಹುಡುಗರಿಗೆ ಯಾವ ಕಾಲೇಜು, ಯಾವ ವಿಷಯ, ಯಾವ ವೇತನ ಎಂಬುದನ್ನು ಹೇಳುವ ಮಾರ್ಗದರ್ಶಕರೂ ಆಗಿದ್ದರು. ಸದಲಗಾದ ಆ. ನೇ. ಉಪಾಧ್ಯೆಯವರು ಬೆಳಗಾವಿಯ ಹೈಸ್ಕೂಲಿನಿಂದ ಹೊರಟು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪ್ರಾಧ್ಯಾಪಕರಾಗಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಕಟ್ಟಿದರು. ಹಳ್ಳಿಯ ಮಗುವಿಗೆ ಕಾಲೇಜಿನ ಬಾಗಿಲು ತೆರೆದುದರಿಂದ ಪ್ರಾಕೃತ ವಿದ್ಯೆಗಾದ ಲಾಭವನ್ನು ಯಾರು ಅಳೆದಾರು?

ಇದೇ ಇತಿಹಾಸಕ್ಕೆ ಇನ್ನೊಂದು ಮುಖವಿದೆ. ಅದನ್ನು ಅಭಿನಂದನ ಗ್ರಂಥಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕುಂಭೋಜದ ಜೈನ ಮನೆತನದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಬಾಲ್ಯದಲ್ಲಿ ಕೊಲ್ಲಾಪುರದ ಜೈನ ಬೋರ್ಡಿಂಗಿನ ವಿದ್ಯಾರ್ಥಿಯಾಗಿದ್ದರು. ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ ತೆರೆದ ವಸತಿಗೃಹದ ಸಮಾರಂಭಕ್ಕೆ ಅವರು ಹೋಗಿಬಂದರು. ಬಂದ ಮೇಲೆ ಸ್ನಾನ ಮಾಡಿ ಶುದ್ಧನಾಗು ಎಂದಾಗ ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಹೊರಬಿದ್ದ ಆ ಹುಡುಗ ತಾನೇ ಉನ್ನತ ಶಿಕ್ಷಣ ಪಡೆಯಲಿಲ್ಲ. ಆದರೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದ. 1924ರಲ್ಲಿ ಸಾತಾರದಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಉಣಬಡಿಸಿದ. ದುಡಿದು ಕಲಿಯುವ ಪದ್ಧತಿಯನ್ನು ರೂಢಿಗೆ ತಂದು, ಕೂಲಿಯವರ ಮಕ್ಕಳಿಗೆ ಕಾಲೇಜಿನ ಬೆಂಚು ಒದಗಿಸಿದ. ಜನ ಆತನನ್ನು ಕರ್ಮವೀರನೆಂದರು. ಇಂದು ನಾವು ಆ ಕರ್ಮವೀರರ ಭಾವಚಿತ್ರಕ್ಕೆ ಮಾಲೆ ಹಾಕುತ್ತೇವೆ. ಅವರನ್ನು ಹೊರಹಾಕಿದ ಮನೋಭಾವಕ್ಕೂ ಸದ್ದಿಲ್ಲದೆ ಮಾಲೆ ಹಾಕುತ್ತಲೇ ಬಂದಿದ್ದೇವೆ. ಎಷ್ಟೋ ದತ್ತಿಗಳ ನಿಯಮಾವಳಿಯಲ್ಲಿ "ಸಮಾಜದ ವಿದ್ಯಾರ್ಥಿಗಳಿಗೆ ಮಾತ್ರ" ಎಂಬ ಮಾತು ಇನ್ನೂ ಇದೆಯಲ್ಲ!

ಇಂಡಿ ತಾಲ್ಲೂಕಿನವರಿಗೆ ಹೊರಗಿನ ಉದಾಹರಣೆಯೂ ಬೇಕಿಲ್ಲ. ಅದೇ ತಾಲ್ಲೂಕಿನ ಬಂಥನಾಳದ ಸಂಗನಬಸವ ಸ್ವಾಮಿಗಳು ಜ್ಞಾನದಾಸೋಹಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿ, ಫ. ಗು. ಹಳಕಟ್ಟಿ ಮೊದಲಾದವರು 1910ರಲ್ಲಿ ಕಟ್ಟಿದ ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಬೆಳೆಸಿದರು. ಆ ಸಂಸ್ಥೆಯ ಕಾಲೇಜುಗಳಲ್ಲಿ ಓದಿದ ಜೈನ ಮಕ್ಕಳೆಷ್ಟು! ಪ್ರವೇಶದ ಹೊತ್ತಿನಲ್ಲಿ ಅವರ ಗೋತ್ರ ಕೇಳಿ ಬಾಗಿಲು ಹಾಕಿದ್ದರೆ ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಒಬ್ಬ ಪದವೀಧರನೂ ಇರುತ್ತಿರಲಿಲ್ಲ.

ಬಸದಿಯ ಟ್ರಸ್ಟುಗಳಲ್ಲಿ ಈ ಮಾತೆತ್ತಿದರೆ ಬರುವ ಉತ್ತರಗಳು ನಮಗೆ ತಿಳಿಯದವೇನಲ್ಲ. ಬಸದಿಯ ಹಣ ದೇವದ್ರವ್ಯ, ಅನ್ಯಕಾರ್ಯಕ್ಕೆ ಬಳಸಬಾರದು ಎನ್ನುತ್ತಾರೆ. ಒಪ್ಪಿದೆವು. ದೇವದ್ರವ್ಯವನ್ನು ಮುಟ್ಟಬೇಡಿ. ಆದರೆ ಶಾಸ್ತ್ರವೇ ಆಹಾರ, ಔಷಧ, ಅಭಯಗಳ ಜೊತೆಗೆ ಜ್ಞಾನದಾನವನ್ನು ಪ್ರತ್ಯೇಕವಾಗಿ ಹೇಳಿರುವಾಗ, ಅದಕ್ಕೊಂದು ಪ್ರತ್ಯೇಕ ನಿಧಿ ಯಾಕೆ ಇರಬಾರದು? ಪಂಚಕಲ್ಯಾಣ ಮಹೋತ್ಸವದಲ್ಲಿ ಕಲಶದ ಸವಾಲು ಲಕ್ಷಗಳನ್ನು ದಾಟಿದ್ದನ್ನು ಎಲ್ಲರೂ ಬಲ್ಲರು. ಅದೇ ಚಪ್ಪರದಡಿ ಜ್ಞಾನನಿಧಿಗೊಂದು ಸವಾಲು ಹಾಕಿದರೆ ಕೂಗುವವರಿಲ್ಲದೆ ಹೋದಾರೆಂದು ನಾವು ನಂಬುವುದಿಲ್ಲ. ಇನ್ನು ಕೆಲವರು, ಇದು ಸರಕಾರದ ಕೆಲಸ, ನಮಗೇಕೆ ಎನ್ನುತ್ತಾರೆ. ಸರಕಾರದ ಕೆಲಸವೇ ಹೌದು. ಹುದ್ದೆಯನ್ನು ಮಂಜೂರು ಮಾಡೆಂದು ಶಾಸಕರ ಬಾಗಿಲಿಗೆ ಹೋಗಬೇಕಾದವರೂ ನಾವೇ. ಆದರೆ ಮಂಜೂರಾತಿಯ ಕಡತ ವಿಧಾನಸೌಧದ ಮೆಟ್ಟಿಲು ಹತ್ತಿ ಇಳಿಯುವವರೆಗೆ ಎಷ್ಟು ಮಕ್ಕಳು ಹತ್ತನೆಯ ತರಗತಿ ದಾಟಿ ಕಣ್ಮರೆಯಾಗುತ್ತಾರೆ! ಬೋರ್ಡಿಂಗುಗಳನ್ನು ಕಟ್ಟಿದ ಹಿರಿಯರು ಸರಕಾರಕ್ಕಾಗಿ ಕಾಯ್ದು ಕುಳಿತಿದ್ದರೆ ಉಪಾಧ್ಯೆಯವರ ಪೀಳಿಗೆ ಹುಟ್ಟುತ್ತಲೇ ಇರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಉತ್ತರ ಮೆಲುದನಿಯಲ್ಲಿ ಬರುತ್ತದೆ. ಬಸ್ಸಿನಲ್ಲಿ ದೂರ ಕಳಿಸುವುದು ಸರಿಯಲ್ಲ, ವರ ಸಿಕ್ಕರೆ ಮದುವೆ ಮಾಡುವುದೇ ಲೇಸು ಎಂಬುದು ಆ ಉತ್ತರ. ಹದಿನೆಂಟು ತುಂಬುವ ಮೊದಲು ಮಾಡುವ ಮದುವೆ ಕರ್ನಾಟಕದಲ್ಲಿ ಆರಂಭದಿಂದಲೇ ಅಸಿಂಧುವೆಂದು 2016ರ ತಿದ್ದುಪಡಿ ಸಾರಿದೆ. ಕಾನೂನು ಆ ಮಾತನ್ನು ಮುಗಿಸಿದೆ. ಉಳಿದದ್ದು ಭದ್ರತೆಯ ಪ್ರಶ್ನೆ. ಅದು ನಿಜವಾದ ಪ್ರಶ್ನೆ. ಪಾಲಕರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಭಯಕ್ಕೆ ಪರಿಹಾರ ಹುಡುಗಿಯನ್ನು ಮನೆಯಲ್ಲಿ ಕೂರಿಸುವುದಲ್ಲ. ಇಂಡಿಯಲ್ಲೋ ಸಿಂದಗಿಯಲ್ಲೋ ಒಂದು ಬಾಡಿಗೆ ಮನೆ, ಅಡುಗೆಗೆ ಒಬ್ಬ ಶ್ರಾವಿಕೆ, ಹತ್ತು ಹುಡುಗಿಯರು. ಒಂದು ಟ್ರಸ್ಟಿಗೆ ಇದು ಹೊರಲಾಗದ ಭಾರವಲ್ಲ. ಒಂದು ಮಹಾದ್ವಾರದ ಅಮೃತಶಿಲೆಯ ಬೆಲೆಯಲ್ಲಿ ಇಂತಹ ಮನೆ ಎಷ್ಟು ವರ್ಷ ನಡೆದೀತೆಂಬುದನ್ನು ಪಂಚರೇ ಲೆಕ್ಕ ಹಾಕಲಿ.

ನಮ್ಮ ಸೂಚನೆ ದೊಡ್ಡದಲ್ಲ. ವಿಜಯಪುರ ಜಿಲ್ಲೆಯ ನಾಲ್ಕೈದು ಟ್ರಸ್ಟುಗಳು ಕೂಡಿ ಇಂಡಿ–ಸಿಂದಗಿ ಭಾಗದ ಹತ್ತು ಪ್ರೌಢಶಾಲೆಗಳಿಗೆ ಒಬ್ಬ ಮಾರ್ಗದರ್ಶಕಳನ್ನು ನೇಮಿಸಲಿ. ಮಾರ್ಗದರ್ಶಕಳು ಎಂದು ಬೇಕೆಂದೇ ಬರೆದಿದ್ದೇವೆ. ಹುಡುಗಿಯರ ತಾಯಂದಿರೊಡನೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮಾತನಾಡಬಲ್ಲವಳು ಬೇಕು. ಆಕೆಗೆ ಪ್ರೌಢಶಾಲಾ ಶಿಕ್ಷಕಿಯಷ್ಟು ಸಂಬಳವಿರಲಿ. ಸೇವೆಯೆಂದು ಹೇಳಿ ಅರ್ಧ ಸಂಬಳ ಕೊಡುವ ಕೆಟ್ಟ ಚಾಳಿ ಬೇಡ. ಆಕೆ ಟ್ರಸ್ಟಿನ ನೌಕರಳೇ ಹೊರತು ಶಾಲೆಯ ಅಥವಾ ಕಾಲೇಜಿನ ನೌಕರಳಾಗಬಾರದು, ಏಕೆಂದರೆ ಯಾರ ಫಲಿತಾಂಶದ ಫಲಕಕ್ಕೂ ಆಕೆ ಹೊಣೆಯಾಗಬಾರದು. ಆಕೆಯ ದಫ್ತರಿನಲ್ಲಿ ಜಾತಿಯ ಕಾಲಂ ವಿದ್ಯಾರ್ಥಿವೇತನದ ಅರ್ಜಿಗಾಗಿ ಮಾತ್ರ ಇರಲಿ. ವರ್ಷದ ಕೊನೆಗೆ ಆಕೆ ಒಪ್ಪಿಸಬೇಕಾದ ಲೆಕ್ಕ ಒಂದೇ: ಈ ಹತ್ತು ಶಾಲೆಗಳಿಂದ ಹತ್ತನೆಯ ತರಗತಿ ದಾಟಿದ ಮಕ್ಕಳೆಷ್ಟು, ಜುಲೈ ತಿಂಗಳಲ್ಲಿ ಯಾವುದಾದರೊಂದು ಮುಂದಿನ ತರಗತಿಯಲ್ಲಿ ಕುಳಿತಿದ್ದವರೆಷ್ಟು, ಕುಳಿತಿರದವರ ಹೆಸರೇನು, ಕಾರಣವೇನು. ಈ ಕೊನೆಯ ಎರಡು ಕಾಲಂಗಳನ್ನು ಪುರಸ್ಕಾರ ಸಮಾರಂಭದ ವೇದಿಕೆಯಲ್ಲಿ ಓದುವುದು ಬೇಡ. ಆ ಮಕ್ಕಳಿಗೆ ಅವಮಾನವಾದೀತು. ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ, ಜಮಾಖರ್ಚಿನ ಮೊದಲು ಓದಲಿ.

ಶಾಲೆಗಳಲ್ಲಿ ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ ಮುಗಿಯುವ ಮೊದಲೇ ಆಕೆ ಕೆಲಸ ಆರಂಭಿಸಬೇಕು. ಫಲಿತಾಂಶ ಬಂದ ಮೇಲೆ ಹೋದರೆ ಎಷ್ಟೋ ಮನೆಗಳಲ್ಲಿ ಬೀಗ ಕಾಣಿಸುತ್ತದೆ. ಅಷ್ಟರೊಳಗೆ ಕುಟುಂಬ ಗೋವೆಯ ಬಸ್ಸು ಹತ್ತಿರುತ್ತದೆ, ಹುಡುಗಿಯೂ ಜೊತೆಗೆ.